ಊರಿನ ಬಾಯಿ ತಿದ್ದಲು ಬಂದವರು

ಕಳೆದ ತಿಂಗಳು ಅವರು ತೀರಿಕೊಂಡಾಗ ನಮ್ಮ ಕಾಲೇಜಿನ ಈಗಿನ ಪ್ರಾಂಶುಪಾಲರು ನನಗೆ ಫೋನು ಮಾಡಿದರು. "ಸರ್, ಶ್ರದ್ಧಾಂಜಲಿ ಸಭಾ ಇಟ್ಟೀವಿ. ನೀವು ಅವರ ಜೋಡಿ ಭಾಳ ವರ್ಷ ಕೆಲಸ ಮಾಡೀರಿ. ಬಂದು ನಾಕು ಚೊಲೋ ಮಾತು ಆಡ್ರಿ" ಎಂದರು. ಮಂಡಿನೋವು ಎಂದು ಹೇಳಿ ತಪ್ಪಿಸಿಕೊಂಡೆ. ಮಂಡಿ ನೋಯುತ್ತಿದ್ದದ್ದು ಸುಳ್ಳಲ್ಲ. ಆದರೆ ಮಾಲೆ ಹಾಕಿದ ಫೋಟೋದ ಪಕ್ಕದಲ್ಲಿ ನಿಂತು ಆಡಬಹುದಾದ ಮಾತು ನನ್ನ ಬಳಿ ಇರಲಿಲ್ಲ. ಇದ್ದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅದು ಅವರ ಮೇಲಿನ ಮರ್ಯಾದೆಗಲ್ಲ, ಅವರ ಹೆಂಡತಿಯ ಮೇಲಿನ ಮರ್ಯಾದೆಗೆ.

ಬಸವಕಲ್ಯಾಣದ ಒಂದು ಖಾಸಗಿ ಕಾಲೇಜಿನಲ್ಲಿ ಅವರು ಇಂಗ್ಲಿಷ್ ಹೇಳುತ್ತಿದ್ದರು, ನಾನು ಕನ್ನಡ. ಅವರನ್ನು ನಾನು ಮೊದಲು ನೋಡಿದ್ದು ಕಾಲೇಜಿನಲ್ಲಲ್ಲ, ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋಗುವ ಬಸ್ಸಿನಲ್ಲಿ. ಬೇಸಿಗೆಯ ಬೆಳಿಗ್ಗೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಅಂಥದರಲ್ಲಿ ಕೊರಳಿಗೆ ಟೈ ಬಿಗಿದುಕೊಂಡ ಒಬ್ಬ ತೆಳ್ಳನೆಯ ಮನುಷ್ಯ ಕಿಟಕಿಯ ಪಕ್ಕ ಕೂತಿದ್ದರು. ಕಂಡಕ್ಟರ್ "ಟಿಕೀಟ್, ಟಿಕೀಟ್" ಎನ್ನುತ್ತ ಬಂದ.

"ಟಿಕೀಟ್ ಅಲ್ಲ, ಟಿಕಿಟ್. ಅಲ್ಲಿ ದೀರ್ಘ ಇಲ್ಲ" ಎಂದರು ಇವರು.

ಕಂಡಕ್ಟರ್ ಅವರ ಮುಖ ನೋಡಿದ. "ಹ್ಯಾಂಗ ಅಂದ್ರೂ ಬಸ್ ಕಲ್ಯಾಣಕ್ಕೇ ಹೋಗ್ತದರಿ. ನಿಮಗ ಎಲ್ಲಿಗಿ ಕೊಡ್ಲಿ?"

ಸುತ್ತಲಿದ್ದವರು ನಕ್ಕರು. ಅವರು ನಗಲಿಲ್ಲ. ಕಲ್ಯಾಣ ಬರುವವರೆಗೂ ಕತ್ತು ನೆಟ್ಟಗೆ ಇಟ್ಟುಕೊಂಡು ಹೊರಗೆ ನೋಡುತ್ತ ಕೂತಿದ್ದರು. ಅದೇ ದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವರನ್ನು ಹೊಸ ಇಂಗ್ಲಿಷ್ ಉಪನ್ಯಾಸಕರೆಂದು ಪರಿಚಯಿಸಿದರು. ನಾನು ಕನ್ನಡ ಹೇಳುತ್ತೇನೆಂದು ತಿಳಿದಾಗ ಅವರು ಕೇಳಿದ್ದು ಇಷ್ಟು: "ಕನ್ನಡಕ್ಕ ಮಾಸ್ತರ್ ಯಾಕ ಬೇಕ್ರಿ? ಅವ್ವ ಕಲಿಸಿರ್ತಾಳಲ್ಲ." ಚೇಷ್ಟೆಯಾಗಿ ಅಂದಿದ್ದರೆ ನಾನೂ ನಗುತ್ತಿದ್ದೆ. ಅವರು ನಿಜವಾಗಿ ತಿಳಿಯದೆ ಕೇಳಿದ್ದರು.

ಅವರ ಊರು ನಮ್ಮ ಜಿಲ್ಲೆಯದೇ ನಿರ್ಣಾ ಎಂಬ ಹಳ್ಳಿ. ಯಾರಾದರೂ ಕೇಳಿದರೆ "ಹೈದರಾಬಾದ್ ಸೈಡ್" ಎನ್ನುತ್ತಿದ್ದರು. ನಿರ್ಣಾದ ಹೊಲಗಳಿಂದ ಹೈದರಾಬಾದಿನವರೆಗಿನ ಅಷ್ಟೂ ದಾರಿಯನ್ನು ಅವರು ಆ ಒಂದು 'ಸೈಡ್'ನಲ್ಲಿ ದಾಟಿಬಿಡುತ್ತಿದ್ದರು.

ತರಗತಿಗೆ ಹೋಗುವಾಗ ಅವರ ಜೇಬಿನಲ್ಲಿ ಅಂಗೈಯಗಲದ ಒಂದು ಕನ್ನಡಿ ಇರುತ್ತಿತ್ತು. ಉಚ್ಚಾರ ತಪ್ಪಿದ ಹುಡುಗನ ಕೈಗೆ ಅದನ್ನು ಕೊಟ್ಟು, "ನಿನ್ನ ಬಾಯಿ ನೀನೇ ನೋಡ್ಕೊ" ಎನ್ನುತ್ತಿದ್ದರು. ನಾಲಿಗೆಯನ್ನು ಹಲ್ಲುಗಳ ನಡುವೆ ಎಷ್ಟು ಹೊರಚಾಚಬೇಕು, ಕೆಳತುಟಿಯನ್ನು ಎಲ್ಲಿ ಕಚ್ಚಬೇಕು ಎಂದು ತಾವೇ ಮಾಡಿ ತೋರಿಸುತ್ತಿದ್ದರು. ಮೊದಲ ಬೆಂಚಿನವರು ಕರವಸ್ತ್ರ ಇಟ್ಟುಕೊಂಡೇ ಕೂರುತ್ತಿದ್ದರು. ಇಂಗ್ಲಿಷಿನಲ್ಲಿ ಬರೆದೂ ಉಚ್ಚರಿಸದ ಅಕ್ಷರಗಳೆಂದರೆ ಅವರಿಗೆ ಪ್ರಾಣ. ಸಾಮನ್ ಎಂಬ ಮೀನಿನ ಹೆಸರಿನಲ್ಲಿ ಎಲ್ ಅಕ್ಷರವನ್ನು ಅನ್ನಬಾರದೆಂದು ಒಂದಿಡೀ ವಾರ ಪಾಠ ಮಾಡಿದರು. ಆ ಮೀನು ಈ ಸೀಮೆಯ ಯಾವ ಸಂತೆಗೂ ಬಂದದ್ದನ್ನು ನಾನು ಕಾಣೆ. ಅದನ್ನು ಹೆಸರು ಹಿಡಿದು ಕರೆಯುವ ಪ್ರಸಂಗ ನಮ್ಮ ಹುಡುಗರಿಗೆ ಯಾವಾಗ ಬರುತ್ತದೆಂದು ಅವರು ಯೋಚಿಸಿದಂತಿರಲಿಲ್ಲ.

ಸಂಜೆ ಮನೆಯ ಮುಂದಿನ ಕೋಣೆಯಲ್ಲಿ ಟ್ಯೂಷನ್. ದಿನಕ್ಕೊಂದು ಹೊಸ ಪದ. ಪದ ಕೊಡುತ್ತಿದ್ದರು, ಉಚ್ಚಾರವನ್ನು ಗಂಟಲು ಹರಿಯುವ ತನಕ ಹೇಳಿಸುತ್ತಿದ್ದರು. ಅರ್ಥ ಮಾತ್ರ "ಮನಿಗಿ ಹೋಗಿ ನೋಡ್ಕೊಳ್ರಿ." ಒಮ್ಮೆ ಲಗೂಬ್ರಿಯಸ್ ಎಂಬ ಪದ ಕೊಟ್ಟರು. ದುಃಖ ತುಂಬಿದ, ಅಳುಮೋರೆಯ ಎಂದು ಅದರ ಅರ್ಥವಂತೆ. ನಾನು ಆಮೇಲೆ ನಿಘಂಟಿನಲ್ಲಿ ನೋಡಿದೆ. ನಮ್ಮ ಕಡೆಯ ಹುಡುಗನಿಗೆ ಅದರಲ್ಲಿ ಕೇಳಿಸಿದ್ದು ಲಗು, ಅಂದರೆ ಬೇಗ. ಅಕ್ಕನ ಮದುವೆಗೆ ಹೋಗಬೇಕಿದ್ದ ಒಬ್ಬ, ಲಗೂನ ರಜೆ ಮಂಜೂರು ಮಾಡಿರೆಂದು ಕೇಳಿಕೊಳ್ಳಲು ಆ ಪದವನ್ನೇ ಬಳಸಿ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇವರು ಆ ಹುಡುಗನನ್ನು ಕರೆಸಿ, "ಎಲ್ಲಿ, ಬಾಯಿಲೆ ಅನ್ನು ನೋಡೋಣು" ಎಂದರು. ಅವನು ಅಂದ. "ಉಚ್ಚಾರ ಕರೆಕ್ಟ್ ಅದ" ಎಂದು ಬೆನ್ನು ತಟ್ಟಿ ಕಳಿಸಿದರು.

ಊರಿನವರು ಅವರನ್ನು ಹೊಗಳುತ್ತಿದ್ದರು ಎಂಬುದನ್ನೂ ಹೇಳಬೇಕು. ಕೋಟೆ ರಸ್ತೆಯ ಚಹಾದಂಗಡಿಯವನು ತನ್ನ ಮಗಳನ್ನು ಅವರ ಟ್ಯೂಷನ್ನಿಗೆ ಹಾಕಿದ್ದ. "ಆ ಸರ್ ಇಂಗ್ಲಿಷ್ ಅಂದ್ರ ಹ್ಯಾಂಗ್ರಿ, ಒಂದ ಅಕ್ಷರಾನೂ ತಿಳಿಯಂಗಿಲ್ಲ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಆ ಮಗಳು ಅಲ್ಲಿಗೆ ಹೋಗುವ ಮೊದಲು ಅಂಗಡಿಗೆ ಬಂದ ಹೊರಗಿನ ಪ್ರವಾಸಿಗರಿಗೆ ಹರಕುಮುರುಕು ಇಂಗ್ಲಿಷಿನಲ್ಲಿ ದಾರಿ ಹೇಳುತ್ತಿದ್ದಳು. ಹೋದಮೇಲೆ ತಪ್ಪಾದೀತೆಂದು ಬಾಯಿ ತೆರೆಯುವುದನ್ನೇ ಬಿಟ್ಟಳು. ಅವರ ತರಗತಿಯೂ ಹಾಗೆಯೇ ಆಗಿತ್ತು. ಅಷ್ಟು ಹುಡುಗರಲ್ಲಿ ಮಾತಾಡುತ್ತಿದ್ದವರು ಅವರೊಬ್ಬರೇ.

ಒಮ್ಮೆ ಮಾತ್ರ ಅವರು ತಮ್ಮ ವಿಷಯ ಹೇಳಿಕೊಂಡಿದ್ದರು. ಹೈದರಾಬಾದಿನ ಹಾಸ್ಟೆಲಿನಲ್ಲಿ ಓದುವಾಗ ಅವರ ಹಳ್ಳಿಯ ಉಚ್ಚಾರ ಕೇಳಲೆಂದೇ ಜೊತೆಯವರು ಬಾಗಿಲು ತಟ್ಟಿ ಕರೆದು, ಅವರಿಂದ ಪದ ಹೇಳಿಸಿ ನಗುತ್ತಿದ್ದರಂತೆ. "ಆಗ ನಿಶ್ಚಯ ಮಾಡ್ದೆರಿ, ನನಗ ನಗೋ ಹಂಗ ಒಬ್ಬರನ್ನೂ ಬಿಡಬಾರದಂತ" ಎಂದರು. ಕೇಳಿ ಕ್ಷಣಹೊತ್ತು ಮರುಗಿದೆ. ಆದರೆ ಚೇಳಿನಿಂದ ಕುಟುಕಿಸಿಕೊಂಡವರೆಲ್ಲ ಚೇಳಾಗುವುದಿಲ್ಲ. ಇವರು ಆದರು.

ಅವರ ಹೆಂಡತಿ ನಾರಾಯಣಪುರದವರು. ಮದುವೆಯಾಗಿ ಬಂದ ಹೊಸದರಲ್ಲಿ ಆ ಓಣಿಗೇ ಅವರ ಮಾತು ಕೇಳುತ್ತಿತ್ತು. ಕನ್ನಡ, ಮರಾಠಿ, ನಮ್ಮ ಕಡೆಯ ಉರ್ದು, ಮೂರೂ ಅವರ ನಾಲಿಗೆಯ ಮೇಲೆ ಒಂದೇ ಮನೆಯ ಮಕ್ಕಳಂತೆ ಕೂಡಿ ಆಡುತ್ತಿದ್ದವು. ನಮ್ಮ ಮನೆ ಅವರ ಮನೆಯಿಂದ ಮೂರು ಬಾಗಿಲು ಆಚೆ. ಅವರು ಬಂದು ಕೂತರೆ ನನ್ನ ಹೆಂಡತಿಗೆ ಒಲೆಯ ಮೇಲಿನ ಹಾಲು ಮರೆತುಹೋಗುತ್ತಿತ್ತು.

ಒಮ್ಮೆ ಭಾನುವಾರ ಗಂಡ ನನ್ನನ್ನು ಊಟಕ್ಕೆ ಕರೆದರು. ಜೋಳದ ರೊಟ್ಟಿ, ಹುಳಿಸೊಪ್ಪಿನ ಪುಂಡಿಪಲ್ಯ, ತುಂಬುಬದನೆಕಾಯಿ. ಗಂಡ ಪುಂಡಿಪಲ್ಯ ತೋರಿಸಿ, "ಇದಕ್ಕ ಇಂಗ್ಲಿಷಿನ್ಯಾಗ ಏನಂತಾರ ನನಗೇ ಗೊತ್ತಿಲ್ಲರಿ. ಹೆಸರಿಲ್ಲದ್ದು ಮಾಡಬ್ಯಾಡ ಅಂತ ಹೇಳೀನಿ ಇಕಿಗಿ" ಎಂದರು.

"ಇಂಗ್ಲಿಷಿನವರು ತಿಂದಿಲ್ಲಂದ್ರ ಅದು ಅವರ ನಸೀಬು" ಎಂದು ಹೆಂಡತಿ ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದರು. ನಾನು ನಕ್ಕೆ.

ಗಂಡನಿಗೆ ಅದು ಹಿಡಿಸಲಿಲ್ಲ. ಬದನೆಕಾಯಿಯನ್ನು ತೋರಿಸಿ, "ಇದು ಏನು? ಸರ್‌ಗೆ ಹೇಳು" ಎಂದರು. ಆಕೆ "ವೆಜಿಟೇಬಲ್" ಎಂದರು. "ಟೇಬಲ್ ಅಲ್ಲ. ಟೇಬಲ್ ಮ್ಯಾಲ ಊಟ ಮಾಡ್ತಾರ. ವೆಜ್-ಟಬ್ಲ್. ಅನ್ನು." ಆಕೆ ಅಂದರು. "ಮತ್ತೊಮ್ಮೆ." ಆಕೆ ಮತ್ತೊಮ್ಮೆ ಅಂದರು. ನನಗೆ ಬಡಿಸಲೆಂದು ಎತ್ತಿದ ರೊಟ್ಟಿ ಆಕೆಯ ಕೈಯಲ್ಲೇ ಇತ್ತು. ತೃಪ್ತಿಯಾಗುವ ತನಕ ಅವರು ಹೇಳಿಸಿದರು, ಆ ರೊಟ್ಟಿ ಕೈಯಲ್ಲೇ ಆರಿತು. ಕಡೆಗೆ ನಾನೇ, "ಸರ್, ನನಗ ಹಸಿವಿ ಆಗ್ಯಾದ, ಪಾಠ ಆಮ್ಯಾಲ ಮಾಡ್ರಿ" ಎಂದೆ. ಅವರು ನನ್ನನ್ನು ಆಮೇಲೆ ಎಂದೂ ಊಟಕ್ಕೆ ಕರೆಯಲಿಲ್ಲ.

ಕೆಲವು ವರ್ಷಗಳಲ್ಲಿ ಅವರ ಮನೆಯಲ್ಲಿ ಹೊಸ ಕಾನೂನು ಬಂತು. ಮನೆಯೊಳಗೆ ಇಂಗ್ಲಿಷ್ ಮಾತ್ರ. ಹೆಂಡತಿ ಬೇರೆ ಭಾಷೆಯಲ್ಲಿ ಏನು ಕೇಳಿದರೂ ಅವರು ಉತ್ತರ ಕೊಡುವುದಿಲ್ಲ. ಇದನ್ನು ಅವರೇ ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿದರು. "ನೀರಿನ್ಯಾಗ ಬಿದ್ರನೇ ಈಸು ಬರೋದು" ಎಂದರು. ಆಕೆ ಈಸಲಿಲ್ಲ, ಮುಳುಗಿದರು. ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಬಂದರೂ ತಲೆಯಾಡಿಸಿ, ಬೇಕಾದ್ದನ್ನು ಬೆರಳು ಮಾಡಿ ತೋರಿಸಿ ಹೋಗುವರು. ಕನ್ನಡದ ಮಾತೂ ಅವರಿಗೆ ತಡವರಿಸುತ್ತಿತ್ತು; ಆಡುವ ಮೊದಲು ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿಕೊಳ್ಳುತ್ತಿದ್ದಾರೆ ಎನ್ನಿಸುತ್ತಿತ್ತು. "ಆಕಿ ಮಾತು ನುಂಗಾಕತ್ತಾಳರಿ. ಹಿಂಗೇ ಆದ್ರ ಒಂದಿನ ಉಸಿರು ಕಟ್ತದ" ಎಂದು ನನ್ನ ಹೆಂಡತಿ ಹೇಳಿದಳು. ನಾನು ಗಂಡನಿಗೆ ಎದುರೇ ಹೇಳಿದೆ, ಇದು ಕಲಿಸುವ ರೀತಿ ಅಲ್ಲ ಎಂದು. "ನಿಮಗ ಇಂಗ್ಲಿಷ್ ಬರಂಗಿಲ್ಲ, ಅದಕ್ಕ ಹಂಗ ಅನ್ನಸ್ತದ" ಎಂದರು.

ಒಂದು ಬೆಳಿಗ್ಗೆ ಪರೀಕ್ಷೆಯ ಕೆಲಸದ ಬಗ್ಗೆ ಕೇಳಲು ಅವರ ಮನೆಗೆ ಹೋಗಿದ್ದೆ. ನಾವಿಬ್ಬರೂ ಮುಂದಿನ ಕೋಣೆಯಲ್ಲಿ ಕೂತಿದ್ದೆವು. ಒಳಗೆ ಫೋನು ಬಡಿಯಿತು. ಸ್ವಲ್ಪ ಹೊತ್ತಿಗೆ ಆಕೆ ಫೋನು ಹಿಡಿದುಕೊಂಡೇ ಹೊರಗೆ ಬಂದರು. ಮುಖದಲ್ಲಿ ರಕ್ತವಿರಲಿಲ್ಲ.

"ನಮ್ಮ ಅವ್ವಗ..." ಎಂದರು.

ಗಂಡ ಬೆರಳು ಎತ್ತಿದರು. ಆಕೆ ನಿಂತರು. ಗಂಟಲು ಸರಿಮಾಡಿಕೊಂಡರು.

"ಮೈ ಮದರ್ ಈಸ್ ಸಿರೇಸ್."

"ಸೀರಿಯಸ್" ಎಂದರು ಗಂಡ. "ಸೀ, ರಿ, ಯಸ್. ಮೂರು ತುಂಡು. ನೀ ಎರಡ ಅನ್ನಾಕತ್ತೀದಿ."

"ಸೀರೇಸ್" ಎಂದರು ಆಕೆ. ಕಣ್ಣಿಂದ ನೀರು ಇಳಿಯುತ್ತಿತ್ತು.

ಅವರು ಮೇಜಿನ ಮೇಲಿದ್ದ ಕನ್ನಡಿಗೆ ಕೈಹಾಕಿದರು. ಇದನ್ನು ನಾನು ಕಣ್ಣಾರೆ ಕಂಡೆ. ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ನಾನು ಎದ್ದು, "ಅಕ್ಕಾರ, ನಡೀರಿ. ಹೊರಗ ನನ್ನ ಗಾಡಿ ಅದ" ಎಂದೆ. ಆಕೆ ಚಪ್ಪಲಿ ಮೆಟ್ಟದೆ ಬಂದು ನನ್ನ ಬೈಕಿನ ಹಿಂದೆ ಕೂತರು. ಗಂಡ ಬಾಗಿಲಿಗೆ ಬಂದು, "ಒಂದ ನಿಮಿಷ ನಿಂದರ್ರಿ, ಈಗ ಬರಾಕತ್ತಿತ್ತು ಆಕಿಗಿ" ಎಂದರು.

ನಾರಾಯಣಪುರ ದೂರವೇನಲ್ಲ. ದಾರಿಯುದ್ದಕ್ಕೂ ಆಕೆ ಮಾತಾಡಿದರು. ಅವ್ವ ಹೊಲಕ್ಕೆ ಹೋಗುವಾಗ ಹಾಡುತ್ತಿದ್ದುದು, ಮಗಳ ಮದುವೆಯಲ್ಲಿ ಬೀಗರ ಜೊತೆ ಜಗಳ ತೆಗೆದದ್ದು, ಹೋದ ಹಬ್ಬದಲ್ಲಿ ಫೋನಿನಲ್ಲಿ "ಯಾಕ ತಂಗಿ, ನಿನ್ನ ದನಿ ಯಾಕ ಸಣ್ಣಗ ಆಗ್ಯಾದ" ಎಂದು ಕೇಳಿದ್ದು. ಅಷ್ಟು ವರ್ಷಗಳಿಂದ ಒಳಗೇ ಕಟ್ಟಿಟ್ಟದ್ದು ನನ್ನ ಬೆನ್ನ ಹಿಂದೆ ಒಡೆದು ಹರಿಯಿತು. ನಾನು ಹೂಂ ಎನ್ನುತ್ತ ಗಾಡಿ ಓಡಿಸಿದೆ.

ನಾವು ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ಹೆಂಗಸರು ಸೇರಿದ್ದರು. ಅವರ ಅಳು ಕೇಳಿಯೇ ತಿಳಿಯಿತು. ಮುದುಕಿ ಆಗಷ್ಟೇ ಹೋಗಿದ್ದರು. ಆಕೆ ತಾಯಿಯ ಎದೆಯ ಮೇಲೆ ಬಿದ್ದು, ನಮ್ಮ ಕಡೆ ಹೆಂಗಸರು ಅಳುವಂತೆ, ತಾಯಿಯ ಬದುಕನ್ನೆಲ್ಲ ಹೇಳಿಹೇಳಿ ಅತ್ತರು. ಒಂದು ಮಾತೂ ತಡವರಿಸಲಿಲ್ಲ.

ಮಧ್ಯಾಹ್ನ ಗಂಡ ಆಟೋದಲ್ಲಿ ಬಂದರು. ಟೈ ಇತ್ತು. ಕಟ್ಟೆಯ ಮೇಲೆ ಗಂಡಸರ ನಡುವೆ ಕೂತರು. ಆಕೆಯ ಸೋದರಮಾವ, ವಯಸ್ಸಾದವರು, ಬಂದವರಿಗೆಲ್ಲ "ನಮ್ಮ ತಂಗಿ ಮುಂಜಾನಿ ಎಕ್ಸ್‌ಪೈರಿ ಆದಳ್ರಿ" ಎಂದು ಹೇಳುತ್ತಿದ್ದರು. ಇವರು ಒಂದೆರಡು ಸಲ ಕೇಳಿಸಿಕೊಂಡರು. ತಡೆಯಲಾಗಲಿಲ್ಲ.

"ಮಾವ, ಎಕ್ಸ್‌ಪೈರಿ ಅನ್ನಬಾರದರಿ. ಎಕ್ಸ್‌ಪೈರಿ ಆಗೋದು ಔಷಧ" ಎಂದರು.

ಮುದುಕ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ಹೌದ್ರಿ ಅಳಿಯಾಂದ್ರ. ಔಷಧ ಟೈಮಿಗಿ ಸಿಕ್ಕಿದ್ರ ಇಕಿ ಆಗ್ತಿದ್ದಿಲ್ಲ" ಎಂದರು.

ಕಟ್ಟೆಯ ಮೇಲಿದ್ದವರು ನೆಲ ನೋಡಿದರು. ಬಾಗಿಲಲ್ಲಿ ನಿಂತಿದ್ದ ಆಕೆ ಅದನ್ನೆಲ್ಲ ಕೇಳಿಸಿಕೊಂಡಿದ್ದರು. ಆ ದಿನದ ನಂತರ ಅವರು ಕಲ್ಯಾಣದ ಮನೆಗೆ ಮರಳಲಿಲ್ಲ. ತಾಯಿಯ ಕಾರ್ಯ ಮುಗಿಸಿಕೊಂಡು ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿದ್ದ ತಂಗಿಯ ಮನೆಗೆ ಹೋದರು. ತಂಗಿಗೆ ಅಲ್ಲಿನ ಗುಡಿಯ ಮುಂದೆ ತೆಂಗಿನಕಾಯಿ, ಊದುಬತ್ತಿ, ಹೂವಿನ ಅಂಗಡಿಯಿತ್ತು. ಅಲ್ಲೇ ಕೂರತೊಡಗಿದರು.

ಗಂಡ ಕೆಲವು ತಿಂಗಳು ಕಾದರು. ತಾನಾಗಿ ಬರುತ್ತಾಳೆಂದು ನಂಬಿದ್ದರು. ಕಡೆಗೆ ಹೋಟೆಲಿನ ಊಟ ಸೇರದೆ ಒಂದು ದಿನ ನನ್ನ ಬಳಿ ಬಂದು, "ನೀವು ಜೋಡಿ ಬರ್ರಿ ಸರ್, ನಿಮ್ಮ ಮಾತು ಆಕಿ ಕೇಳ್ತಾಳ" ಎಂದರು. ಆಕೆಯ ಇಷ್ಟವೇನೆಂದು ತಿಳಿಯೋಣ ಎಂದು ಹೋದೆ.

ಅಂಗಡಿಯ ಮುಂದೆ ನಾವು ನಿಂತಾಗ ಆಕೆ ಮಹಾರಾಷ್ಟ್ರದಿಂದ ಬಂದ ಒಂದು ಕುಟುಂಬಕ್ಕೆ ಕಾಯಿ ಆರಿಸಿಕೊಡುತ್ತ ಮರಾಠಿಯಲ್ಲಿ ಹರಟುತ್ತಿದ್ದರು. ನಡುವೆ ಆಟೋದವನೊಬ್ಬನಿಗೆ ಉರ್ದುವಿನಲ್ಲಿ ಏನೋ ಗದರಿದರು. ಅವನು ನಗುತ್ತ ಆಟೋ ಪಕ್ಕಕ್ಕೆ ಸರಿಸಿದ. ಅವರ ಹಳೆಯ ದನಿ ಮರಳಿ ಬಂದಿತ್ತು. ನಮ್ಮನ್ನು ನೋಡಿ ಕಾಯಿ ಹಿಡಿದುಕೊಂಡೇ ಈ ಕಡೆ ತಿರುಗಿದರು. ನನಗೆ, "ಬರ್ರಿ ಸರ್, ಅಕ್ಕಾರು ಆರಾಮದಾರ?" ಎಂದು ಕೇಳಿ ಸ್ಟೂಲು ಕೊಟ್ಟರು.

ಗಂಡ ಟೈ ಸರಿಮಾಡಿಕೊಂಡರು. "ಕಮ್ ಹೋಮ್" ಎಂದರು.

"ಏನಂದ್ರಿ?"

"ಐ ರಿಕ್ವೆಸ್ಟ್ ಯು ಟು ಕಮ್ ಹೋಮ್."

ಆಕೆ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು. "ಕನ್ನಡದಾಗ ಹೇಳ್ರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದ ಸಲ ಬಾ ಅನ್ರಿ. ತಂಗಿಗಿ ಅಂಗಡಿ ಒಪ್ಪಿಸಿ ಈಗೇ ಬರ್ತೀನಿ."

ತುಟಿ ಕೂಡಿಸಿ ಬಿಟ್ಟರೆ ಸಾಕು, ಬರುವ ಮಾತು ಅದು. ಕೂಸಿಗೂ ಬರುತ್ತದೆ. ಅವರು ನಿಂತೇ ಇದ್ದರು. ನಾನು ಮೆಲ್ಲಗೆ "ಅನ್ರಿ ಸರ್" ಎಂದೆ. ಅವರು ಅನ್ನಲಿಲ್ಲ. ಗಿರಾಕಿಯೊಬ್ಬರು ಬಂದು ಹೂವು ಕೇಳಿದರು. ಆಕೆ ಇನ್ನೂ ಸ್ವಲ್ಪ ಹೊತ್ತು ಗಂಡನ ಬಾಯನ್ನೇ ನೋಡಿ, ಆಮೇಲೆ ಹೂವು ಅಳೆಯಲು ತಿರುಗಿದರು.

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಅವರು ನನ್ನೆದುರು ಒಳ್ಳೆಯ ಕನ್ನಡದಲ್ಲಿ ದೂರಿದರು. "ಎಷ್ಟ ವರ್ಷದ ಮೆಹನತ್ ಮಣ್ಣಪಾಲಾತು ನೋಡ್ರಿ. ಆಕಿ ಉಚ್ಚಾರ ಭಾಳ ಸುಧಾರಿಸಿತ್ತು" ಎಂದರು. ನಾನು ಜಾಗ ಬದಲಿಸಿ ದೂರ ಹೋಗಿ ಕೂತೆ. ಆಮೇಲೆ ಅವರ ಜೊತೆ ಕೆಲಸಕ್ಕೆ ಬೇಕಾದಷ್ಟನ್ನು ಬಿಟ್ಟು ಮಾತಾಡಲಿಲ್ಲ. ಅವರಿಗೆ ಅದು ತಿಳಿದಂತೆಯೂ ಕಾಣಲಿಲ್ಲ. ಒಬ್ಬರೇ ಇದ್ದರು, ಟ್ಯೂಷನ್ ನಡೆಸಿದರು, ನಿವೃತ್ತರಾದರು. ಬೆಳಿಗ್ಗೆ ಎಲ್ಲರ ಮೊಬೈಲಿಗೆ ಹೊಸ ಪದವನ್ನು ತಮ್ಮದೇ ದನಿಯಲ್ಲಿ ಹೇಳಿ ಕಳಿಸುತ್ತಿದ್ದರು. ನಾನು ಕೇಳದೆ ಅಳಿಸುತ್ತಿದ್ದೆ. ಒಂದು ದಿನ ಪದ ಬರಲಿಲ್ಲ. ಹಾಲಿನವನು ಬಾಗಿಲು ಬಡಿದು ಬಡಿದು ಓಣಿಯವರನ್ನು ಕರೆದ. ಎದೆನೋವಿನಿಂದ ಹೋಗಿದ್ದರು.

ಮಾಣಿಕನಗರಕ್ಕೆ ಫೋನು ಮಾಡಿದವನು ನಾನೇ. ಆಕೆ "ಬರ್ತೀನಿ" ಎಂದರು. ಬಂದು ಎಲ್ಲವನ್ನೂ ಮುಂದೆ ನಿಂತು ಮಾಡಿಸಿದರು. ನೀರು ಎಲ್ಲಿಡಬೇಕು, ಯಾರು ಹೆಗಲು ಕೊಡಬೇಕು, ನಿರ್ಣಾದಿಂದ ಬಂದವರನ್ನು ಎಲ್ಲಿ ಕೂರಿಸಬೇಕು, ಎಲ್ಲ ಅವರದೇ ಹೇಳಿಕೆ. ಅಳಲಿಲ್ಲ. ಅತ್ತಂತೆ ಮಾಡಲೂ ಇಲ್ಲ.

ಮಣ್ಣು ಮುಗಿಸಿ ಬಂದಮೇಲೆ ನಮ್ಮ ಮನೆಯಿಂದ ಅನ್ನ, ಸಾರು ಹೋಯಿತು. ಅಂಗಳದಲ್ಲಿ ಹಳೆಯ ವಿದ್ಯಾರ್ಥಿಗಳು ಕೆಲವರಿದ್ದರು. ಅವರಲ್ಲಿ ಒಬ್ಬ ಈಗ ಬ್ಯಾಂಕಿನಲ್ಲಿದ್ದಾನೆ, ತಲೆ ನೆರೆಯತೊಡಗಿದೆ. ಅವನು ಆಕೆಯ ಮುಂದೆ ಕೈಜೋಡಿಸಿ, "ಅಮ್ಮಾರ, ಸರ್ ನಮಗ ಎಷ್ಟ ಪದ ಕಲಿಸಿದ್ರು. ಅವರ ಋಣ ತೀರಂಗಿಲ್ಲರಿ" ಎಂದ.

"ಒಂದರ ನೆನಪದೇನಪಾ?" ಎಂದು ಆಕೆ ಕೇಳಿದರು.

ಅವನು ಯೋಚಿಸಿದ. ಪಕ್ಕದವರ ಮುಖ ನೋಡಿದ. ನಾಚಿಕೊಂಡು, "ಈಗ ತಟ್ಟನೆ ಬರವಲ್ದರಿ" ಎಂದ.

"ನನಗ ಒಂದೂ ಮರ್ತಿಲ್ಲ ನೋಡು" ಎಂದರು ಆಕೆ.

"ಹಂಗಾರ ಒಂದು ಹೇಳ್ರಿ ಅಮ್ಮಾರ, ಸರ್ ನೆನಪಿಗಿ" ಎಂದ ಅವನು.

ಆಕೆ ಅವನನ್ನು ನೋಡಿದರು. ಒಮ್ಮೆ ತುಟಿ ಅಲುಗಿದಂತೆ ನನಗೆ ಕಂಡಿತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. "ಮುಂಜಾನಿಯಿಂದ ನಿಂತೇ ಇದ್ದಿ. ಉಂಡಿ ಏನು ನೀ?" ಎಂದು ಕೇಳಿ, ಅವನು ಉತ್ತರ ಕೊಡುವ ಮೊದಲೇ ಒಳಗಿನವರಿಗೆ ಕೂಗಿ ಹೇಳಿದರು, ಹೊರಗೆ ಇನ್ನೊಂದು ತಟ್ಟೆ ತರಲು.